ಬಾಣಂತನದ ನಡುವೆ ಕೆಟ್ಟ ಗ್ಯಾಸ್ ಗೀಸರ್

ಡಿಸೆಂಬರ್ ಎರಡನೇ ವಾರ, ಬೆಳಿಗ್ಗೆ ಐದೂವರೆ. ಮಗಳು ಬಾಣಂತಿ, ಮಗುವಿಗೆ 22 ದಿನ. ನೀರು ಹಾಕುವ ಅಜ್ಜಿ ಆರು ಗಂಟೆಗೆಲ್ಲ ಬಂದು ನಿಂತುಬಿಡುತ್ತಾರೆ. ನಾನು ಬಚ್ಚಲಿಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿದೆ. ದಿನಾ ಕೇಳುವ ಟಕಟಕ ಸದ್ದು ಬರಲಿಲ್ಲ. ನೀರು ಮಾತ್ರ ಬಂತು, ಕೈ ಕೊರೆಯುವಷ್ಟು ತಣ್ಣಗೆ.

ತುಮಕೂರಿನ ಚಳಿ ಮಡಿಕೇರಿಯ ಚಳಿಯಲ್ಲ, ನಿಜ. ಆದರೆ ಬಾಣಂತಿ, ಹಸುಗೂಸು, 78 ವರ್ಷದ ಅತ್ತೆ ಮೂವರೂ ಇರುವ ಮನೆಯಲ್ಲಿ ಬಿಸಿನೀರಿಲ್ಲ ಅಂದರೆ ಮನೆಯೇ ನಿಂತುಹೋದ ಹಾಗೆ. ಅಲ್ಲಿಂದ ಮುಂದೆ ಆರು ವಾರ ನಾನು ಓಡಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನೆಲ್ಲ ಒಟ್ಟಿಗೆ ಹೇಳುವವರು ನನಗೆ ಯಾರೂ ಸಿಗಲಿಲ್ಲ. ಬರೆಯಲು ಇನ್ನೊಂದು ಕಾರಣವೂ ಇದೆ. ಅದು ನಾಚಿಕೆಯ ಕಾರಣ, ಮಧ್ಯದಲ್ಲಿ ಬರುತ್ತದೆ.

ಮೊದಲು ಸೆಲ್. ನಮ್ಮದು 6 ಲೀಟರಿನ ಸಾಮಾನ್ಯ ಗ್ಯಾಸ್ ಗೀಸರ್. ಕರೆಂಟ್ ಬೇಡ, ಕೆಳಗೆ ಒಂದು ಡಬ್ಬಿಯಲ್ಲಿ ಎರಡು ದಪ್ಪ ಸೆಲ್ ಇರುತ್ತವೆ, ಹಳೇ ಟಾರ್ಚಿಗೆ ಹಾಕುತ್ತಿದ್ದೆವಲ್ಲ, ಆ ಸೈಜಿನವು. ಕಿಡಿ ಹಾರಿಸುವುದೂ ಅವೇ, ಗ್ಯಾಸಿನ ವಾಲ್ವ್ ತೆರೆದು ಹಿಡಿಯುವುದೂ ಅವೇ. ಬೀದಿ ಕೊನೆಯ ಅಂಗಡಿಯವನ ಹತ್ತಿರ ರಿಮೋಟಿನ ಪೆನ್ಸಿಲ್ ಸೆಲ್ ಮಾತ್ರ ಇತ್ತು. ನಮ್ಮನೆಯವರು ಬಸ್ ಸ್ಟ್ಯಾಂಡಿನವರೆಗೂ ಹೋಗಿ 90 ರೂಪಾಯಿಗೆ ಒಂದು ಜೊತೆ ತಂದರು. ಹಳೆಯದನ್ನು ತೆಗೆದಾಗ ನೋಡುತ್ತೇನೆ, ಡಬ್ಬಿಯ ಸ್ಪ್ರಿಂಗಿನ ಮೇಲೆ ಹಸಿರು ಪುಡಿ ಕಟ್ಟಿದೆ. ಬಚ್ಚಲಿನ ತೇವಕ್ಕೆ ಹಾಗಾಗುತ್ತದಂತೆ. ಉಪ್ಪುಕಾಗದದಲ್ಲಿ ಉಜ್ಜಿದೆ.

ಟಕಟಕ ಅಂತು. ಬುಸ್ಸಂತ ಹತ್ತಿಕೊಂಡಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ಹತ್ತು ಎಣಿಸುವಷ್ಟರಲ್ಲಿ ಆರಿಹೋಯಿತು.

ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಮತ್ತೆ ಹತ್ತಿಕೊಳ್ಳುವುದು, ಹತ್ತು ಸೆಕೆಂಡಿಗೆ ಆರುವುದು. ಕೆಲವು ಸಲ ಟಕಟಕ ಅನ್ನುವುದೂ ಇಲ್ಲ. ಸಿಲಿಂಡರ್ ಖಾಲಿಯಾಗಿರಬೇಕು ಅಂದರು ನಮ್ಮನೆಯವರು. ಒದ್ದೆ ಬಟ್ಟೆಯಲ್ಲಿ ಸಿಲಿಂಡರ್ ಒರೆಸಿ ನೋಡಿದೆ. ಗ್ಯಾಸ್ ದ್ರವ ಎಲ್ಲಿಯವರೆಗೆ ಇರುತ್ತದೋ ಆ ಭಾಗ ನಿಧಾನಕ್ಕೆ ಒಣಗುತ್ತದೆ, ಮೇಲಿನ ಖಾಲಿ ಭಾಗ ಬೇಗ ಒಣಗುತ್ತದೆ. ನಮ್ಮದು ಅರ್ಧಕ್ಕಿಂತ ಜಾಸ್ತಿಯೇ ಇತ್ತು. ಸ್ಟವ್ ಕೂಡ ಚೆನ್ನಾಗಿಯೇ ಉರಿಯುತ್ತಿತ್ತು.

ನಿಮ್ಮ ಮನೆಯಲ್ಲೂ ಹೀಗಾದರೆ ಕಿವಿಗೊಟ್ಟು ಕೇಳಿ. ಸದ್ದೇ ಬರದಿದ್ದರೆ ಒಂದೋ ಸೆಲ್ ಹೋಗಿದೆ, ಇಲ್ಲವೇ ನೀರಿನ ಒತ್ತಡ ಸಾಲುತ್ತಿಲ್ಲ. ಸದ್ದು ಬಂದು ಉರಿ ಹತ್ತದಿದ್ದರೆ ಗ್ಯಾಸ್ ಬರುತ್ತಿಲ್ಲ. ಹತ್ತಿ ಆರಿದರೆ ಅದು ಬೇರೆ ಕಥೆ, ನನ್ನ ಕಥೆ.

ಆ ದಿನ ಸ್ಟವ್ ಮೇಲೆ ದೊಡ್ಡ ಪಾತ್ರೆ ಇಟ್ಟು ನೀರು ಕಾಯಿಸಿದೆವು. ಇನ್ನೊಂದು ಬಕೆಟ್ಟಿಗೆ ಕಾಯಿಲ್ ಹಾಕಿದೆವು. ಕಾಯಿಲ್ ಅಂದರೆ ನನಗೆ ಮೊದಲಿಂದ ಭಯ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡ ಮೇಲೇ ನೀರು ಮುಟ್ಟುವುದು. ಅತ್ತೆ ಸುಮ್ಮನಿರಲಿಲ್ಲ. "ಹಂಡೆ ಒಲೆ ಕಿತ್ತು ಹಾಕಬೇಡ್ರೋ ಅಂತ ಅವತ್ತೇ ಬಡ್ಕೊಂಡೆ" ಅಂದರು. ಒಲೆ ಕಿತ್ತಿದ್ದು 2011ರಲ್ಲಿ. ತಾಮ್ರದ ಹಂಡೆ ಈಗಲೂ ಅಟ್ಟದ ಮೇಲಿದೆ, ಒಳಗೆ ದಸರಾ ಬೊಂಬೆಗಳು.

ಕಂಪನಿಗೆ ಫೋನ್ ಮಾಡಲು ಬಿಲ್ ಬೇಕಿತ್ತು. ಬೀರುವಿನ ಫೈಲಿನಲ್ಲಿ ಬಿಲ್ ಸಿಕ್ಕಿತು. ತೆಗೆದು ನೋಡಿದರೆ ಅಚ್ಚ ಬಿಳಿ ಕಾಗದ! ಅಂಗಡಿಗಳಲ್ಲಿ ಮೆಷಿನ್ನಿಂದ ಹರಿದು ಕೊಡುವ ನುಣುಪು ಕಾಗದದ ಬಿಲ್ ಎರಡು ಮೂರು ವರ್ಷಕ್ಕೆ ಅಳಿಸಿಹೋಗುತ್ತದೆ. ತಂದ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ. ವಾರಂಟಿ ಕಾರ್ಡಿಗೆ ಅಂಗಡಿಯವನ ಸೀಲೂ ಬಿದ್ದಿರಲಿಲ್ಲ. ಹೇಗೂ ಎರಡು ವರ್ಷದ ವಾರಂಟಿ ಮುಗಿದಿತ್ತು ಬಿಡಿ. ಕೊನೆಗೆ ಗೀಸರ್ ಪಕ್ಕದ ಸ್ಟಿಕ್ಕರಿನಲ್ಲಿದ್ದ ಸೀರಿಯಲ್ ನಂಬರನ್ನು, ಸೋಪಿನ ಜಿಡ್ಡು ಒರೆಸಿ, ಮೊಬೈಲ್ ಟಾರ್ಚಿನ ಬೆಳಕಲ್ಲಿ ಓದಿ ಹೇಳಿದೆ. ಅದೇ ಸ್ಟಿಕ್ಕರಿನಲ್ಲಿ ಐಎಸ್ 15558 ಅನ್ನುವ ಐಎಸ್‌ಐ ನಂಬರ್ ಇತ್ತು. ಸಣ್ಣ ಗ್ಯಾಸ್ ಗೀಸರ್‌ಗಳ ಮಾನದಂಡ ಅದು. ಹೊಸದು ಕೊಳ್ಳುವವರು ಇದನ್ನು ನೋಡಿಯೇ ಕೊಳ್ಳಿ.

24 ಗಂಟೆಯೊಳಗೆ ಬರುತ್ತಾರೆ ಅಂತ ಮೆಸೇಜ್ ಬಂತು. ಮೂರನೇ ದಿನ ಫೋನ್ ಮಾಡಿದರೆ "ನಾಳೆ ಮೇಡಂ". ಐದನೇ ದಿನ, ಕೇಳದೆಯೇ, "ನಿಮ್ಮ ದೂರು ಬಗೆಹರಿದಿದೆ" ಅಂತ ಮೆಸೇಜ್. ನಾನು ಸ್ಕೂಲಿನ ಸ್ಟಾಫ್ ರೂಮಿನಲ್ಲಿ ನಿಂತು ಜೋರಾಗಿಯೇ ಮಾತಾಡಬೇಕಾಯಿತು. ಆರನೇ ದಿನ ಒಬ್ಬ ಹುಡುಗ ಬಂದ. ಮುಂದಿನ ತಗಡು ಬಿಚ್ಚಿದ, ಒಳಗೆ ಟಾರ್ಚ್ ಬಿಟ್ಟ, ಮುಚ್ಚಿದ. "ವಾಲ್ವ್ ಹೋಗಿದೆ, ಗೀಸರ್ ಒಳಗಿನ ಕಾಯಿಲೂ ಬ್ಲಾಕ್ ಆಗಿದೆ, ಎರಡೂ ಸೇರಿ 3,850. ಇದಕ್ಕಿಂತ 5,500 ಕೊಟ್ರೆ ಹೊಸದೇ ಬರುತ್ತೆ" ಅಂದ. ಬಂದು ಹೋಗಿದ್ದಕ್ಕೆ 350, ಜಿಎಸ್‌ಟಿ ಸೇರಿ 413. ಹನ್ನೆರಡು ನಿಮಿಷದ ಕೆಲಸ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ದಿನಕ್ಕೆ ಹತ್ತು ಮನೆ ಸುತ್ತುವುದಿರುತ್ತದೆ. ಆದರೆ ಗೀಸರ್ ಎಲ್ಲಿದೆ, ಹೇಗಿದೆ ಅಂತ ಅವನು ಒಂದು ಮಾತೂ ಕೇಳಲಿಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು.

ಹೊಸದು ಕೊಳ್ಳುವುದೇ ಸರಿ ಅಂದುಕೊಂಡಿದ್ದೆ. ಅಷ್ಟರಲ್ಲಿ ಸ್ಕೂಲಿನ ಅಟೆಂಡರ್ ಮಂಡಿಪೇಟೆಯ ಒಬ್ಬ ಸ್ಟವ್ ರಿಪೇರಿಯವರ ಬಗ್ಗೆ ಹೇಳಿದ. ಗೀಸರನ್ನು ಗೋಡೆಯಿಂದ ಇಳಿಸಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದೆ. ಅಂಗಡಿ ಅಂದರೆ ಎಂಟಡಿ ಅಗಲದ ಮಳಿಗೆ. ಹೊರಗೆ ಹಳೇ ಬರ್ನರ್‌ಗಳ ರಾಶಿ. ಅರವತ್ತು ದಾಟಿದ ಯಜಮಾನರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು.

ಅವರು ಮೊದಲು ತೆಗೆದದ್ದು ನೀರು ಒಳಗೆ ಬರುವ ಕಡೆಯ ಜಾಲರಿ. ಹೆಬ್ಬೆರಳಿನ ಉಗುರಿನಷ್ಟು ಅಗಲ. ತುಂಬ ಮರಳು. ನಮ್ಮಲ್ಲಿ ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ಬಿಟ್ಟ ದಿನ ಅದು, ಇಲ್ಲದ ದಿನ ಬೋರ್‌ವೆಲ್. ಸಂಪಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಇಲ್ಲಿಗೆ ಬಂದ ಮರಳು ಅದು. ಆಮೇಲೆ ಹಿತ್ತಾಳೆಯ ಒಂದು ದುಂಡು ಡಬ್ಬಿಯನ್ನು ಎರಡು ಹೋಳು ಮಾಡಿದರು. ನಡುವೆ ಒಂದು ರಬ್ಬರ್ ಬಿಲ್ಲೆ, ಕರೀ ಹಪ್ಪಳದ ಹಾಗೆ. "ಇದೇ ಡಯಾಫ್ರಮ್ ಅಕ್ಕ. ನೀರು ಬಂದಾಗ ಇದು ಉಬ್ಬಿ ಪಿನ್ ತಳ್ಳಬೇಕು. ಪಿನ್ ತಳ್ಳಿದ್ರೇನೇ ಸ್ವಿಚ್ ಒತ್ತೋದು, ಗ್ಯಾಸ್ ಬಿಡೋದು." ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಎರಡೂ ಹೆಬ್ಬೆರಳಿಂದ ಮೆಲ್ಲಗೆ ಎಳೆದು ತೋರಿಸಿದರು. ಅಂಚಿನಲ್ಲಿ ಕೂದಲೆಳೆಯಂಥ ಸೀಳು, ಅದರೊಳಗಿಂದ ಮಂಡಿಪೇಟೆಯ ಬಿಸಿಲು. 3,850 ರೂಪಾಯಿಯ ವಾಲ್ವಿನಲ್ಲಿ ಕೆಟ್ಟಿದ್ದು ಇಷ್ಟೇ. ಹೊಸ ಬಿಲ್ಲೆಗೆ 80 ರೂಪಾಯಿ, ಜಾಲರಿಗೆ 30.

ಆದರೆ ಅದು ಕೆಲವು ಸಲ ಟಕಟಕ ಬರದೇ ಇದ್ದುದಕ್ಕೆ ಕಾರಣ. ಹತ್ತಿ ಆರುತ್ತಿದ್ದುದಕ್ಕಲ್ಲ.

ಮುಂದೆ ಬರ್ನರ್ ಬಿಚ್ಚಿದರು. ಬರ್ನರ್ ಮೇಲೆ ಎರಡು ಸಣ್ಣ ಕಡ್ಡಿಗಳಿರುತ್ತವೆ. ಒಂದು ಕಿಡಿ ಹಾರಿಸುವುದು, ಇನ್ನೊಂದು ಉರಿ ಇದೆಯೋ ಇಲ್ಲವೋ ನೋಡುವುದು. ಉರಿ ಇಲ್ಲ ಅನ್ನಿಸಿದರೆ ಅದು ಗ್ಯಾಸ್ ನಿಲ್ಲಿಸುತ್ತದೆ. ನಮ್ಮ ಗೀಸರಿನ ಎರಡನೇ ಕಡ್ಡಿ ದೀಪದ ಬತ್ತಿಯ ತುದಿಯ ಹಾಗೆ ಮಸಿ ಹಿಡಿದಿತ್ತು. ಅದಕ್ಕೆ ಉರಿ ಕಾಣುತ್ತಿರಲಿಲ್ಲ. ಪಾಪ, ತನ್ನ ಕೆಲಸ ತಾನು ಮಾಡುತ್ತಿತ್ತು. ಮೇಲಿನ ತಾಮ್ರದ ರೆಕ್ಕೆಗಳ ನಡುವೆ ಬೆರಳಿಟ್ಟರೆ ಬೆರಳು ಕಪ್ಪಾಗುವಷ್ಟು ಮಸಿ.

ಯಜಮಾನರು ಕೈ ನಿಲ್ಲಿಸಿದರು. "ಅಕ್ಕ, ಇದನ್ನ ಎಲ್ಲಿ ಹಾಕಿದ್ರಿ?"

"ಬಚ್ಚಲಲ್ಲೇ."

"ಕಿಟಕಿ ಇದೆಯಾ?"

"ವೆಂಟಿಲೇಟರ್ ಇದೆ. ರಟ್ಟು ಹಾಕಿ ಮುಚ್ಚಿದೀವಿ, ಬಾಣಂತಿ ಇದಾಳಲ್ಲ, ಶೀತ ಆಗಬಾರದು ಅಂತ."

ಸ್ಕ್ರೂಡ್ರೈವರನ್ನು ಕೆಳಗಿಟ್ಟರು. "ಮನೇಲಿ ಯಾರಿಗಾದ್ರೂ ತಲೆನೋವು, ತಲೆಸುತ್ತು ಬರ್ತಿತ್ತಾ? ಸ್ನಾನ ಮಾಡಿ ಬಂದ್ಮೇಲೆ?"

ನನಗೆ ಕಾಲಿನ ಕೆಳಗಿನ ನೆಲ ಸರಿದ ಹಾಗಾಯಿತು. ಬರುತ್ತಿತ್ತು. ಮಗಳಿಗೆ ದಿನಾ ಬೆಳಿಗ್ಗೆ ತಲೆನೋವು. ಹೆರಿಗೆಯ ಸುಸ್ತು, ನಿದ್ದೆ ಇಲ್ಲ, ಅದಕ್ಕೇ ಅಂದುಕೊಂಡಿದ್ದೆವು. ಅತ್ತೆ ಒಂದು ದಿನ ಸ್ನಾನ ಮುಗಿಸಿ ಬಂದವರು ಬಚ್ಚಲಿನ ಹೊಸ್ತಿಲ ಮೇಲೇ ಕುಸಿದು ಕೂತರು. "ಕಾಲಲ್ಲಿ ಶಕ್ತೀನೇ ಇಲ್ಲ ಕಣಮ್ಮ" ಅಂದರು. ಕೊರೋನಾ ಕಾಲದಲ್ಲಿ ತಂದಿದ್ದ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿದೆ, 97 ತೋರಿಸಿತು. ಮಧ್ಯಾಹ್ನ ಡಾಕ್ಟರ್ ಹತ್ತಿರ ಬಿಪಿ ನೋಡಿಸಿದೆವು, 130ಕ್ಕೆ 80. ವಯಸ್ಸಿನದು ಅಂತ ಸುಮ್ಮನಾದೆವು.

ಈಗ ನಾಚಿಕೆಯ ಕಾರಣ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಎಂಟನೇ ತರಗತಿಗೆ ದಹನದ ಪಾಠ ಪ್ರತಿ ವರ್ಷ ಮಾಡುತ್ತೇನೆ. ಗಾಳಿ ಸಾಲದೆ ಇಂಧನ ಪೂರ್ತಿ ಸುಡದಿದ್ದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಕೆಂಡ ಉರಿಯುವ ಕೋಣೆಯ ಬಾಗಿಲು ಹಾಕಿ ಮಲಗಬಾರದು, ಬರೆದುಕೊಳ್ಳಿ ಮಕ್ಕಳೇ ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ಮನೆಯಲ್ಲಿ ನನ್ನ ಕೈಯಾರೆ ವೆಂಟಿಲೇಟರಿಗೆ ರಟ್ಟು ಬಡಿದಿದ್ದೆ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ನಮ್ಮ ಬಚ್ಚಲು 5 ಅಡಿಗೆ 7 ಅಡಿ, ಎತ್ತರ 8 ಅಡಿ. ಅಂದರೆ ಸುಮಾರು 8 ಘನ ಮೀಟರ್ ಗಾಳಿ. 1 ಕೆಜಿ ಎಲ್‌ಪಿಜಿ ಸುಡಲು ಸುಮಾರು 12 ಘನ ಮೀಟರ್ ಗಾಳಿ ಬೇಕು. 6 ಲೀಟರಿನ ಗೀಸರ್ ಗಂಟೆಗೆ ಹೆಚ್ಚು ಕಡಿಮೆ 900 ಗ್ರಾಂ ಗ್ಯಾಸ್ ತಿನ್ನುತ್ತದೆ. ಕಾಲು ಗಂಟೆಯ ಸ್ನಾನ ಅಂದರೆ ಬಚ್ಚಲಿನ ಗಾಳಿಯಲ್ಲಿ ಮೂರನೇ ಒಂದು ಭಾಗ ಗೀಸರಿಗೇ ಬೇಕು. ಅಷ್ಟು ಖರ್ಚಾಗುವ ಮೊದಲೇ ಉರಿ ಹಳದಿಗೆ ತಿರುಗಿ ಮಸಿ ಕಟ್ಟಲು ಶುರುವಾಗುತ್ತದೆ. ಗೀಸರಿನಲ್ಲಿ 20 ನಿಮಿಷಕ್ಕೆ ತಾನೇ ಆರುವ ವ್ಯವಸ್ಥೆ ಇದೆ. ನಾವೇನು ಮಾಡುತ್ತಿದ್ದೆವು? ಬಾಣಂತಿಗೆ ನೀರು ಎರೆಯುವುದು ಮುಗಿದಿಲ್ಲ ಅಂತ ನಲ್ಲಿ ಒಮ್ಮೆ ನಿಲ್ಲಿಸಿ ಮತ್ತೆ ತಿರುಗಿಸುತ್ತಿದ್ದೆವು. ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ವಾಸನೆ ಬರುತ್ತದಲ್ಲ, ಗೊತ್ತಾಗುತ್ತದೆ ಅನ್ನುವವರಿಗೆ ಒಂದು ಮಾತು. ಗ್ಯಾಸಿನ ವಾಸನೆ ಅದಕ್ಕೆ ಬೆರೆಸಿದ ಮರ್ಕ್ಯಾಪ್ಟನ್‌ನದು. ಸೋರಿದ ಗ್ಯಾಸಿಗೆ ವಾಸನೆ ಇದೆ, ಸುಟ್ಟ ಮೇಲೆ ಇಲ್ಲ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, 97, 98 ಅಂತಲೇ ತೋರಿಸುತ್ತದೆ. ಯಾರಾದರೂ ಬಚ್ಚಲಲ್ಲಿ ಕುಸಿದರೆ ಗ್ಯಾಸ್ ನಿಲ್ಲಿಸಿ, ಬಾಗಿಲು ತೆಗೆದು, ತಕ್ಷಣ ಹೊರಗೆ ಗಾಳಿಗೆ ತನ್ನಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಮೊದಲ ಮಾತೇ "ಮನೇಲಿ ಗ್ಯಾಸ್ ಗೀಸರ್ ಇದೆ" ಅನ್ನುವುದಾಗಿರಲಿ. ಇದಕ್ಕೆ ವೈದ್ಯರು ಗ್ಯಾಸ್ ಗೀಸರ್ ಸಿಂಡ್ರೋಮ್ ಅಂತಲೇ ಹೆಸರಿಟ್ಟಿದ್ದಾರೆ. ನೀವು ಹೇಳದಿದ್ದರೆ ಅವರೂ ಬಿಪಿ, ಫಿಟ್ಸ್ ಅಂತ ಬೇರೆ ದಾರಿ ಹಿಡಿಯಬಹುದು. ನಾವು ಮಗಳನ್ನೂ ಅತ್ತೆಯನ್ನೂ ಮರುದಿನವೇ ತೋರಿಸಿದೆವು. ಗೀಸರ್ ಕೆಟ್ಟು ವಾರವಾಗಿತ್ತು, ಇಬ್ಬರ ತಲೆನೋವೂ ನಿಂತಿತ್ತು. ಅದನ್ನೂ ನಾವು ಗಮನಿಸಿರಲಿಲ್ಲ.

ಯಜಮಾನರು ರಿಪೇರಿ ಮಾಡಿಕೊಟ್ಟರು. ತಾಮ್ರದ ಸುರುಳಿಯೊಳಗೆ ಬೋರ್ ನೀರಿನ ಸುಣ್ಣ ಕಟ್ಟಿತ್ತು. ನಿಂಬೆ ಉಪ್ಪನ್ನು (ಸಿಟ್ರಿಕ್ ಆ್ಯಸಿಡ್) ಬಿಸಿನೀರಲ್ಲಿ ಕರಗಿಸಿ, ಕೊಳವೆ ಸಿಕ್ಕಿಸಿ ಒಳಗೆ ತುಂಬಿಸಿದರು. ಸೋಡಾ ಬಾಟಲಿ ತೆರೆದ ಹಾಗೆ ಗುಳುಗುಳು ಸದ್ದು. ಒಂದು ಗಂಟೆ ಬಿಟ್ಟು ಬಗ್ಗಿಸಿದರೆ ಹಾಲಿನಂಥ ನೀರು, ಜೊತೆಗೆ ಮೊಟ್ಟೆ ಸಿಪ್ಪೆಯಂಥ ಚೂರುಗಳು. ಎರಡು ಸಲ ಹಾಗೆ ಮಾಡಿದರು. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಹಾಕಬೇಡಿ, ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ಬಿಲ್ಲೆ, ಜಾಲರಿಯ ದುಡ್ಡು ಬಿಟ್ಟು ಇಷ್ಟಕ್ಕೂ 600 ರೂಪಾಯಿ ತೆಗೆದುಕೊಂಡರು. ಕೊಡುವಾಗ ಅಂದರು, "ಮತ್ತೆ ಬಚ್ಚಲಲ್ಲೇ ಹಾಕ್ತೀವಿ ಅಂದ್ರೆ ನಾನು ಬರಲ್ಲ ಅಕ್ಕ. ಬೇರೆಯವರನ್ನ ನೋಡ್ಕೊಳಿ."

ಸರಿ, ಹೊರಗೆ ಹಾಕುವುದು ಅಂತ ತೀರ್ಮಾನವಾಯಿತು. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗ, ಮೇಲೆ ಶೀಟು, ಎರಡು ಕಡೆ ಬಯಲು. ನಮಗೆ ಗೊತ್ತಿದ್ದ ಪ್ಲಂಬರಿಗೆ ಫೋನ್ ಮಾಡಿದರೆ, ಮಾಲೆ ಹಾಕಿದ್ದೇನೆ, ಶಬರಿಮಲೆಗೆ ಹೋಗಿ ಬಂದು ಮಾಡುತ್ತೇನೆ ಅಂದರು. ಇನ್ನೊಬ್ಬರೂ ಅದನ್ನೇ ಹೇಳಿದರು. ಡಿಸೆಂಬರ್, ಜನವರಿಯಲ್ಲಿ ಪ್ಲಂಬಿಂಗ್ ಕೆಲಸ ಇಟ್ಟುಕೊಳ್ಳಬೇಡಿ ಅಂತ ಯಾರೂ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಈ ನಡುವೆ ಗ್ಯಾಸ್ ಏಜೆನ್ಸಿ. ನಮ್ಮ ರೆಗ್ಯುಲೇಟರ್ ಹಳೆಯದು, ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್ ಅದಕ್ಕಿಂತ ಹಳೆಯದು. ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಅದರ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ನಮ್ಮದರಲ್ಲಿ ಆ ಅಕ್ಷರಗಳೇ ಮಾಸಿಹೋಗಿದ್ದವು. ಎರಡನ್ನೂ ತರೋಣ ಅಂತ ಹೋದರೆ ಕೌಂಟರಿನಲ್ಲಿ ಕೇಳಿದರು, "ಕನೆಕ್ಷನ್ ಇವರ ಹೆಸರಲ್ಲಿದೆ, ಇ-ಕೆವೈಸಿ ಆಗಿಲ್ಲ. ಅವರನ್ನ ಕರ್ಕೊಂಡು ಬನ್ನಿ, ಬೆರಳಚ್ಚು ಬೇಕು."

ಅವರು ಅಂದರೆ ನಮ್ಮ ಮಾವ. ತೀರಿಕೊಂಡು ಆರು ವರ್ಷವಾಗಿದೆ.

ಹೆಸರು ಬದಲಾವಣೆಗೆ ನಮ್ಮ ಹತ್ತಿರ ಕೇಳಿದ್ದು ಇಷ್ಟು: ಮಾವನ ಮರಣ ಪ್ರಮಾಣಪತ್ರ, ನಮ್ಮನೆಯವರ ಆಧಾರ್, ಕೆವೈಸಿ ಫಾರಂ, ಬ್ಲೂ ಬುಕ್ (ಗ್ಯಾಸ್ ಕನೆಕ್ಷನ್ನಿನ ಪುಸ್ತಕ), ಕನೆಕ್ಷನ್ ಕೊಟ್ಟಾಗಿನ ಮೂಲ ಎಸ್‌ವಿ (ಸಬ್‌ಸ್ಕ್ರಿಪ್ಷನ್ ವೋಚರ್) ಚೀಟಿ, ವಾರಸುದಾರರು ಅಂತ ತೋರಿಸಲು ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ. ವಂಶವೃಕ್ಷ ಪುಣ್ಯಕ್ಕೆ ನಾಡಕಚೇರಿಯಿಂದ ಮೊದಲೇ ಮಾಡಿಸಿದ್ದೆವು, ಜಮೀನಿನ ಖಾತೆಗೆ. ಎಸ್‌ವಿ ಚೀಟಿ ಸಿಗಲೇ ಇಲ್ಲ. ಕಳೆದುಹೋಗಿದೆ ಅಂತ ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಮಾಡಿಸಿದೆವು. ನಾದಿನಿ ಶಿವಮೊಗ್ಗದಲ್ಲಿದ್ದಾಳೆ, ಅವಳ ಸಹಿಗೆ ಕೊರಿಯರ್. ಎಲ್ಲ ಸೇರಿ 350 ರೂಪಾಯಿ, ಮೂರು ಸಲ ಓಡಾಟ, 16 ದಿನ. ಕೌಂಟರಿನ ಹುಡುಗಿ ಒರಟಾಗಿ ಏನೂ ಮಾತಾಡಲಿಲ್ಲ. ಆದರೆ ಬೇಕಾದ ಕಾಗದವನ್ನೆಲ್ಲ ಒಂದೇ ಸಲ ಹೇಳಿದ್ದರೆ ಓಡಾಟ ಒಂದಕ್ಕೆ ಮುಗಿಯುತ್ತಿತ್ತು. ನಿಮ್ಮ ಬ್ಲೂ ಬುಕ್ಕಿನಲ್ಲಿ ಯಾರ ಹೆಸರಿದೆ ಅಂತ ಈಗಲೇ ಎದ್ದು ಹೋಗಿ ನೋಡಿ. ಅಂತೂ ರೆಗ್ಯುಲೇಟರ್, ಟ್ಯೂಬ್ ಎರಡಕ್ಕೂ ಸೇರಿ 480 ಕೊಟ್ಟು ತಂದೆವು.

ಪ್ಲಂಬರ್ ಬಂದಿದ್ದು ಸಂಕ್ರಾಂತಿಯ ಹಿಂದಿನ ವಾರ, ಗಡ್ಡ ಬೋಳಿಸಿಕೊಂಡು, ಅರವಣ ಪ್ರಸಾದದ ಡಬ್ಬಿಯ ಜೊತೆ. ಗೋಡೆ ಕೊರೆದು, ಹೊರಗಿನಿಂದ ಬಚ್ಚಲಿಗೆ 25 ಅಡಿ ಪೈಪ್ ಎಳೆದರು. ಬಿಸಿನೀರಿಗೆ ಸಿಪಿವಿಸಿ ಪೈಪೇ ಆಗಬೇಕು, ಸಾಮಾನ್ಯ ಬಿಳಿ ಪಿವಿಸಿ ಮೆತ್ತಗಾಗಿ ಜೋತುಬೀಳುತ್ತದೆ. ಮೆಟೀರಿಯಲ್, ಕೂಲಿ ಸೇರಿ 3,400. ಗ್ಯಾಸಿಗೆ, ಅಡುಗೆಮನೆಯ ಸಿಲಿಂಡರಿನಿಂದ ಗೋಡೆಯ ಆಚೆಗೆ ತಾಮ್ರದ ಪೈಪ್, ಕೊನೆಗೊಂದು ವಾಲ್ವ್. ಅದನ್ನು ಮಂಡಿಪೇಟೆಯ ಯಜಮಾನರೇ ಬಂದು ಮಾಡಿದರು, 1,900. ರಬ್ಬರ್ ಟ್ಯೂಬನ್ನು ಗೋಡೆಯೊಳಗೆ ತೂರಿಸಿದ್ದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಒಳಗೆ ಇಲಿ ಕಡಿದರೂ, ಬಿರುಕು ಬಿಟ್ಟರೂ ಕಾಣುವುದಿಲ್ಲ, ಹಾಗೆ ಮಾಡಿಸಬೇಡಿ. ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಅಂತ ಕಾದು ನೋಡಿದರು. ಕಡ್ಡಿ ಗೀರಿ ಪರೀಕ್ಷೆ ಮಾಡುವವರೂ ಇದ್ದಾರಂತೆ! ಗ್ಯಾಸ್ ಸೋರಿದ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆರಿಸಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಅದು ಎಲ್‌ಪಿಜಿ ತುರ್ತು ಸಹಾಯದ ನಂಬರ್.

ನಲ್ಲಿ ತಿರುಗಿಸಿದೆವು. ಟಕಟಕ ಇಲ್ಲ.

ಸತ್ಯವಾಗಿ ಹೇಳುತ್ತೇನೆ, ಆ ಕ್ಷಣ ನನಗೆ ಅಳು ಬಂತು. ಯಜಮಾನರು ಮಾತ್ರ ಗೀಸರಿನ ಕಡೆ ನೋಡಲೇ ಇಲ್ಲ, ತಲೆ ಎತ್ತಿ ಟ್ಯಾಂಕ್ ನೋಡಿದರು. ಟ್ಯಾಂಕಿನ ತಳ ಗೀಸರಿಗಿಂತ 14 ಅಡಿ ಮೇಲಿದೆ. 10 ಮೀಟರ್ ಎತ್ತರದ ನೀರಿಗೆ ಚದರ ಸೆಂಟಿಮೀಟರಿಗೆ ಹೆಚ್ಚು ಕಡಿಮೆ ಒಂದು ಕೆಜಿ ಒತ್ತಡ ಅಂತ ಲೆಕ್ಕ. 14 ಅಡಿ ಅಂದರೆ 4.3 ಮೀಟರ್, ಅರ್ಧ ಕೆಜಿಗೂ ಕಡಿಮೆ. ನಮ್ಮ ಗೀಸರಿಗೆ ಕನಿಷ್ಠ 0.025 ಎಂಪಿಎ (ಮೆಗಾ ಪಾಸ್ಕಲ್, ಒತ್ತಡದ ಅಳತೆ) ಬೇಕು ಅಂತ ಸ್ಟಿಕ್ಕರಿನಲ್ಲಿದೆ, ಅಂದರೆ ಕಾಲು ಕೆಜಿ. ಉಳಿದಿದ್ದು ಸ್ವಲ್ಪವೇ ಒತ್ತಡ, ಅದನ್ನು ಅರ್ಧ ಇಂಚಿನ ಪೈಪು ಮತ್ತು ಆರು ಎಲ್ಬೋಗಳು ತಿಂದುಹಾಕಿದ್ದವು. ಅದರ ಜೊತೆ ಕಮೋಡಿನ ಟ್ಯಾಂಕ್ ತುಂಬುತ್ತಿದ್ದರಂತೂ ಮುಗಿದೇ ಹೋಯಿತು. ಪ್ಲಂಬರ್ ಮುಖ ಸಣ್ಣ ಮಾಡಿಕೊಂಡು, ಹಬ್ಬ ಮುಗಿಸಿ ಬಂದು, ಟ್ಯಾಂಕಿನಿಂದಲೇ ಬೇರೆ ಲೈನ್ ಎಳೆದು ಎಲ್ಲವನ್ನೂ ಮುಕ್ಕಾಲು ಇಂಚಿಗೆ ಬದಲಾಯಿಸಿದರು. ಇನ್ನೊಂದು 900. ಪೈಪ್ ಹಾಕಿಸುವ ಮೊದಲೇ ಸ್ಟಿಕ್ಕರ್ ಓದಿದ್ದರೆ ಇದು ಉಳಿಯುತ್ತಿತ್ತು.

ಆಮೇಲೆ ಹತ್ತಿತು. ಗಾಜಿನ ಕಿಂಡಿಯಲ್ಲಿ ನೀಲಿ ಉರಿ, ಸಾಲಾಗಿ, ಅಲುಗಾಡದೆ. ಯಜಮಾನರು ಅದನ್ನೇ ನೋಡುತ್ತಾ ನಿಂತು, "ಹಿಂಗಿರಬೇಕು. ಹಳದಿ ಕಂಡ ದಿನ ಆರಿಸಿಬಿಡಿ, ಯಾರ ಮಾತೂ ಕೇಳಬೇಡಿ" ಅಂದರು.

ಮಳೆ, ಗಾಳಿಗೆ ಮೇಲೊಂದು ತಗಡಿನ ಮರೆ ಮಾಡಿಸಿದೆವು, 450. ಸುತ್ತ ಪೆಟ್ಟಿಗೆಯ ಹಾಗೆ ಮುಚ್ಚುವಂತಿಲ್ಲ. ಒಳ್ಳೆಯ ಆಲ್ಕಲೈನ್ ಸೆಲ್ ಒಂದು ಜೊತೆಗೆ 340. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಆನ್‌ಲೈನಿನಲ್ಲಿ ತರಿಸಿದೆ, 1,850. ಅದು ದುಂದು ಅಂತ ನಮ್ಮನೆಯವರ ಅಭಿಪ್ರಾಯ. ನನ್ನದಲ್ಲ. ಅಡುಗೆಮನೆಯ ಹಿಂದಿನ ಬಾಗಿಲಿನ ಪಕ್ಕ ನೇತುಹಾಕಿದ್ದೇನೆ. ಎಲ್ಲ ಕೂಡಿದರೆ 10,900 ರೂಪಾಯಿ ಹತ್ತಿರ. ಇದರಲ್ಲಿ ಗೀಸರಿನ ರಿಪೇರಿ ಅಂತ ಆಗಿದ್ದು 710 ಮಾತ್ರ.

ಗ್ಯಾಸ್ ಖರ್ಚು ಜಾಸ್ತಿ ಅಂತ ಭಯ ಇರುವವರಿಗೆ ನನ್ನ ಲೆಕ್ಕ: 20 ಲೀಟರಿನ ಒಂದು ಬಕೆಟ್ ಹದವಾದ ಬಿಸಿಗೆ ಸುಮಾರು 50 ಗ್ರಾಂ. 14.2 ಕೆಜಿ ಸಿಲಿಂಡರಿಗೆ 280 ಬಕೆಟ್. ಸುಣ್ಣ, ಮಸಿ ಕಟ್ಟಿದರೆ ಇದು ಇಳಿಯುತ್ತದೆ. ಈಗ ತಿಂಗಳ ಮೊದಲ ಭಾನುವಾರ ಜಾಲರಿ ತೊಳೆಯುತ್ತೇನೆ, ಸೆಲ್ ಡಬ್ಬಿ ಒರೆಸುತ್ತೇನೆ, ಉರಿಯ ಬಣ್ಣ ನೋಡುತ್ತೇನೆ. ನಿಂಬೆ ಉಪ್ಪಿನ ಕೆಲಸ ಮತ್ತು ಮಸಿ ತೆಗೆಸುವುದು ವರ್ಷಕ್ಕೊಮ್ಮೆ, ಯಜಮಾನರ ಕೈಯಲ್ಲೇ. ಸೀಳಿದ ಡಯಾಫ್ರಮ್ ಸ್ಕೂಲಿನ ಪ್ರಯೋಗಾಲಯದ ಕಪಾಟಿನಲ್ಲಿದೆ. ಈ ಸಲದ ದಹನದ ಪಾಠಕ್ಕೆ ಮಸಿ ಹಿಡಿದ ಹಳೇ ಕಡ್ಡಿಯನ್ನೂ ಕೇಳಿ ತಂದಿಟ್ಟುಕೊಂಡಿದ್ದೇನೆ.

ಅತ್ತೆಗೆ ಸಮಾಧಾನ ಇಲ್ಲ. ಪೈಪಿನಲ್ಲಿ ನಿಂತ ಎರಡು ಚೊಂಬು ತಣ್ಣೀರು ಹೋದ ಮೇಲೆ ಬಿಸಿನೀರು ಬರುತ್ತದೆ. "ಇಷ್ಟು ಹೊತ್ತು ಕಾಯೋದಾದ್ರೆ ಹಂಡೆ ಒಲೇನೇ ವಾಸಿ ಇತ್ತು" ಅನ್ನುತ್ತಾರೆ. ರಟ್ಟು ಕಿತ್ತು ಎಸೆದಿದ್ದೇನೆ, ಗಾಳಿ ಬರುತ್ತದೆ ಅಂತ ಅದಕ್ಕೂ ಗೊಣಗಾಟ. ಮೊನ್ನೆ ಸ್ಕೂಲಿಂದ ಬಂದು ನೋಡಿದರೆ ವೆಂಟಿಲೇಟರಿಗೆ ಯಾರೋ ಹಳೇ ಟವೆಲ್ ತುರುಕಿದ್ದಾರೆ, ಸ್ಟೂಲ್ ಇನ್ನೂ ಅಲ್ಲೇ ಇದೆ. ಯಾರು ಅಂತ ಕೇಳಲಿಲ್ಲ. ಗೀಸರ್ ಈಗ ಹೊರಗಿದೆ. ಆದರೂ ಸ್ಟೂಲ್ ಹತ್ತಿ ಟವೆಲ್ ಎಳೆದು ಬಕೆಟ್ಟಿಗೆ ಹಾಕಿದೆ.